ಅಲ್ಪಕಾಲದ ಅಸೌಖ್ಯ

ಹೊಸ ಪುಸ್ತಕದ ವಾಸನೆ ಬಂದರೆ ನನಗೆ ನಾಚಿಕೆಯಾಗುತ್ತದೆ. ಬದುಕಿಡೀ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತನಾದವನ ಬಾಯಲ್ಲಿ ಇಂಥ ಮಾತು ಬರಬಾರದು. ಆದರೆ ಆಗುವುದು ಹಾಗೆಯೇ. ಮೊನ್ನೆ ಶಾಲೆ ಶುರುವಾಗುವ ಮುಂಚೆ ಮೊಮ್ಮಗಳನ್ನು ಕರೆದುಕೊಂಡು ಬೆಳ್ತಂಗಡಿ ಪೇಟೆಯ ಪುಸ್ತಕದಂಗಡಿಗೆ ಹೋಗಿದ್ದೆ. ಅಂಗಡಿಯವರು ಒಳಗಿನಿಂದ ಒಂದು ಕಟ್ಟು ತಂದು ಹಗ್ಗ ಕತ್ತರಿಸಿದ್ದೇ ತಡ, ಅಂಟು, ಶಾಯಿ, ಹೊಸ ಕಾಗದ ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ಮೊಮ್ಮಗಳು ಪುಸ್ತಕಕ್ಕೆ ಮುಖ ಒತ್ತಿ, "ಅಜ್ಜ, ಎಷ್ಟು ಪರಿಮಳ!" ಎಂದಳು. ನಾನು ಕೊಡೆ ಎತ್ತಿಕೊಂಡು ಹೊರಗೆ ಬಂದು ನಿಂತೆ. "ಮಾಷ್ಟ್ರಿಗೆ ಧೂಳು ಆಗುದಿಲ್ಲ ಕಾಣ್ತದೆ" ಎಂದು ಅಂಗಡಿಯವರು ನಗುತ್ತಾ ಹೇಳಿದರು. ಹೌದು ಹೌದು ಎಂದೆ. ನಿಜ ಹೇಳಬೇಕಿದ್ದರೆ ವಾರಿಜ ಟೀಚರ್ ತೀರಿಕೊಂಡ ಮರುವರ್ಷದ ಕತೆಯನ್ನೇ ಹೇಳಬೇಕಿತ್ತು. ಆಟಿ ತಿಂಗಳ ಮಳೆಯಿಂದ ಹಿಡಿದು ದೀಪಾವಳಿ ಕಳೆಯುವವರೆಗಿನ ಕತೆ.

ಮಡಂತ್ಯಾರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಪಂಡಿತ, ವಾರಿಜ ಪಿ.ಟಿ. ಟೀಚರ್. ಒಂದೇ ಸ್ಟಾಫ್ ರೂಮಿನಲ್ಲಿ, ಎದುರುಬದುರು ಮೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೂತವರು. ಅವರ ಕುತ್ತಿಗೆಯಲ್ಲಿ ಯಾವಾಗಲೂ ಒಂದು ಸೀಟಿ ನೇತಾಡುತ್ತಿತ್ತು, ಆದರೆ ಅವರು ಅದನ್ನು ಊದಿದ್ದನ್ನು ನಾನು ಕಂಡದ್ದು ಕಡಿಮೆ. ಗಂಟಲೇ ಸಾಕಿತ್ತು. ನಾನು ಹತ್ತನೆಯ ತರಗತಿಯಲ್ಲಿ ಸಮಾಸ ಬಿಡಿಸುತ್ತಿದ್ದರೆ ಮೈದಾನದಿಂದ "ಏ, ಕೈ ಎತ್ತಿ ಹಿಡಿ ಮಾರಾಯ್ತಿ, ಬಾಲ್ ಏನು ನಿನ್ನ ಮಡಿಲಿಗೆ ಬಂದು ಬೀಳ್ತದಾ?" ಎಂಬ ಕೂಗು ಕಿಟಕಿ ದಾಟಿ ಬರುತ್ತಿತ್ತು. ನಮ್ಮ ಶಾಲೆಯ ಹುಡುಗಿಯರ ಥ್ರೋಬಾಲ್ ತಂಡವನ್ನು ಕಂಡರೆ ಮೂರು ತಾಲೂಕಿನ ಶಾಲೆಗಳು ಹೆದರುತ್ತಿದ್ದವು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಮಾತ್ರ ಅವರು ನನ್ನ ಸ್ನೇಹಿತೆ. ತಮ್ಮ ಮನೆಯ ಪುಂಡಿಗಟ್ಟಿಯನ್ನು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕುತ್ತಿದ್ದರು. ನನ್ನ ಹೆಂಡತಿ ಇಂದಿರೆ ಮಾಡಿದ ಗೊಜ್ಜನ್ನು ಕೇಳದೆಯೇ ಬಡಿಸಿಕೊಳ್ಳುತ್ತಿದ್ದರು. ನನ್ನ ನಿಧಾನವನ್ನು, ಇಸ್ತ್ರಿ ಹಾಕಿದ ಅಂಗಿಯನ್ನು, ಗ್ರಾಂಥಿಕ ಮಾತನ್ನು ತಮಾಷೆ ಮಾಡದ ದಿನವಿರಲಿಲ್ಲ. ನನಗೂ ಅದು ಬೇಕಿತ್ತು.

ಒಂದು ಸೋಮವಾರ ಬೆಳಗ್ಗೆ ಅವರು ಒಳಗೆ ಬಂದು, ಬ್ಯಾಗನ್ನು ಮೇಜಿನ ಮೇಲಿಟ್ಟು, ಇಡೀ ಸ್ಟಾಫ್ ರೂಮಿಗೆ ಕೇಳುವ ಹಾಗೆ ಹೇಳಿದರು.

"ಪಂಡಿತ್ರೇ, ನಂಗೆ ಮೊಲೆಯ ಕ್ಯಾನ್ಸರ್ ಅಂತೆ. ನಾಳೆಯಿಂದ ರಜೆ. ನನ್ನ ಪೀರಿಯಡ್‌ನಲ್ಲಿ ಮಕ್ಕಳನ್ನು ಕೂರಿಸಿ ವ್ಯಾಕರಣ ಮಾಡ್ಲಿಕ್ಕಿಲ್ಲ, ಈಗಲೇ ಹೇಳಿದ್ದೇನೆ."

ನಾನು ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಓದತೊಡಗಿದೆ. ಆ ಕ್ಷಣದಲ್ಲಿ ನನಗೆ ಮೊದಲು ಬಂದದ್ದು ದುಃಖವಲ್ಲ, ಸಂಕೋಚ. ಹಳೆಗನ್ನಡ ಪದ್ಯದಲ್ಲಿ ಹೆಣ್ಣಿನ ವರ್ಣನೆ ಬಂದರೆ "ಇದು ಪರೀಕ್ಷೆಗೆ ಬರುವುದಿಲ್ಲ" ಎಂದು ಹಾರಿಸಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದವನು ನಾನು. ವಾರಿಜ ಟೀಚರ್ ನನ್ನ ಮುಖ ನೋಡಿ ಬಿಟ್ಟಾರೆಯೇ?

"ಎಂತ ಪಂಡಿತ್ರೇ, ಕಿವಿ ಕೆಂಪಾಯ್ತಲ್ಲ? ನಿಮ್ಮಮ್ಮ ನಿಮ್ಮನ್ನು ಬಾಟ್ಲಿ ಹಾಲು ಕೊಟ್ಟು ಸಾಕಿದ್ದಾ?"

ಎಲ್ಲರೂ ನಕ್ಕರು. ನಕ್ಕವರಲ್ಲಿ ಇಬ್ಬರು ಟೀಚರುಗಳು ಹಾಗೆಯೇ ಅತ್ತುಬಿಟ್ಟರು.

ಆಪರೇಷನ್ ಆಯಿತು, ಔಷಧವಾಯಿತು, ಕೂದಲು ಹೋಯಿತು, ಬಂತು. ನಡುನಡುವೆ ಅವರು ತಲೆಗೆ ಬಟ್ಟೆ ಕಟ್ಟಿಕೊಂಡು ಶಾಲೆಗೆ ಬರುತ್ತಿದ್ದರು. ಮಳೆಯಿಂದಾಗಿ ಆಟವಿಲ್ಲದ ದಿನ ದೊಡ್ಡ ಹುಡುಗಿಯರನ್ನೆಲ್ಲ ಉದ್ದ ಜಗಲಿಯಲ್ಲಿ ಕೂರಿಸಿ ಮಾತಾಡುತ್ತಿದ್ದರು. "ನೋವಿಲ್ಲ ಅಂತ ಸುಮ್ಮನೆ ಕೂರ್ಬೇಡಿ ಮಕ್ಕಳೇ. ನಂದು ನೋಯ್ಲೇ ಇಲ್ಲ. ನೋಯದ್ದೇ ನಂಗೆ ಮೋಸ ಮಾಡಿದ್ದು. ಒಂದು ಮಳೆಗಾಲ ಇಡೀ ಸುಮ್ಮನೆ ಕೂತೆ ನಾನು. ಮನೆಗೆ ಹೋಗಿ ಅಮ್ಮನಿಗೆ ಹೇಳಿ, ಅಜ್ಜಿಗೆ ಹೇಳಿ." ಆ ದನಿ ಪಕ್ಕದ ತರಗತಿಗೆ ಕೇಳುತ್ತಿತ್ತು. ನಾನು ಎದ್ದುಹೋಗಿ ಆ ಬದಿಯ ಬಾಗಿಲು ಹಾಕಿ ಬರುತ್ತಿದ್ದೆ.

ಸುಮಾರು ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ಕಾಯಿಲೆ ಬೆನ್ನುಮೂಳೆಗೆ ಹೋಯಿತು, ಅಲ್ಲಿಗೆ ಮುಗಿಯಿತು. ಅವರ ಗಂಡ ಜಯರಾಮಣ್ಣ, ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು, ಅಂಗಳದಲ್ಲಿ ನನ್ನ ಕೈ ಹಿಡಿದು "ಪೇಪರಿಗೆ ನೀವೇ ಬರೆದು ಕೊಡಿ ಮಾಷ್ಟ್ರೆ" ಎಂದರು. ನಮ್ಮ ಜಿಲ್ಲೆಯ ಪತ್ರಿಕೆಗಳ ನಿಧನ ವಾರ್ತೆ ಓದುವವರಿಗೆ ಗೊತ್ತಿರುತ್ತದೆ, ಇಲ್ಲಿ ಜನ ಸಾಯುವುದು ಎರಡೇ ಕಾರಣಕ್ಕೆ. ಒಂದು ಹೃದಯಾಘಾತ, ಇನ್ನೊಂದು ಅಲ್ಪಕಾಲದ ಅಸೌಖ್ಯ. ನಾನು ಕಾಗದದಿಂದ ಪೆನ್ನು ಎತ್ತದೆ ಬರೆದೆ: ಅಲ್ಪಕಾಲದ ಅಸೌಖ್ಯದಿಂದ ಸ್ವಗೃಹದಲ್ಲಿ ನಿಧನ ಹೊಂದಿದರು. ಮೂರು ವರ್ಷ ಅಲ್ಪಕಾಲವೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಮರುವರ್ಷ ಹಳೆ ವಿದ್ಯಾರ್ಥಿಗಳು ಸೇರಿ, ಟೀಚರ ಹೆಸರಿನಲ್ಲಿ ಹೆಂಗಸರಿಗೊಂದು ಆರೋಗ್ಯ ತಪಾಸಣೆಯ ಶಿಬಿರ ಮಾಡಬೇಕು, ಅದರ ಖರ್ಚಿಗೆ ಅವರ ಬದುಕಿನ ಬಗ್ಗೆ ಒಂದು ಪುಸ್ತಕ ತಂದು ಮಾರಬೇಕು ಎಂದು ತೀರ್ಮಾನಿಸಿದರು. ಬರೆಯುವವ ಯಾರು? ಪಂಡಿತರು ಇದ್ದಾರಲ್ಲ. ಬೆಳ್ತಂಗಡಿ, ಮೂಡಬಿದಿರೆ, ಬಂಟ್ವಾಳ, ಮೂರು ಕಡೆ ಸಭೆ, ಲೇಖಕರು ಅಲ್ಲಿಯೇ ಕೂತು ಹಸ್ತಾಕ್ಷರ ಹಾಕಿ ಕೊಡುವುದು. ಹಸ್ತಾಕ್ಷರ ಎಂದ ಕೂಡಲೇ ನಾನು ಉಬ್ಬಿದೆ ಎಂಬುದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಹಿಯನ್ನು ಬರೆದು ಬರೆದು ತಿದ್ದಿದ್ದೇನೆ.

ಆಟಿಯಲ್ಲಿ ನಮ್ಮ ಕಡೆ ಶುಭಕಾರ್ಯವಿಲ್ಲ, ಓಡಾಟವಿಲ್ಲ. ಲಾಯಿಲದ ನಮ್ಮ ಮನೆಯ ಹಂಚಿನ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಕಿಟಕಿಯ ಬಳಿ ಕೂತು ಬರೆಯುತ್ತಿದ್ದೆ. ಅರ್ಧ ಬರೆದಿರುವಾಗ ಜಯರಾಮಣ್ಣ ಸೊಂಟದವರೆಗೆ ನೆನೆದುಕೊಂಡು, ಒಂದು ಸ್ಟೀಲಿನ ಡಬ್ಬಿಯಲ್ಲಿ ಪತ್ರೊಡೆ ಹಿಡಿದುಕೊಂಡು ಬಂದರು. ಒಳ್ಳೆಯ ಮನುಷ್ಯ. ಹೆಂಡತಿಯ ಚಾಕರಿಯನ್ನು ನರ್ಸಿಗೂ ಬಿಡದೆ ಮಾಡಿದವರು. ಕೂತು ಚಾ ಕುಡಿದು, ಲೋಟ ಕೆಳಗಿಟ್ಟು, ನೆಲ ನೋಡುತ್ತಾ ಹೇಳಿದರು.

"ಮಾಷ್ಟ್ರೆ, ಎಲ್ಲ ಬರೀರಿ. ನೀವು ಬರೆದ್ರೆ ನಂಗೆ ಹೆದರಿಕೆ ಇಲ್ಲ. ಅದೊಂದು ಮಾತ್ರ ಬೇಡ."

"ಯಾವುದು ಜಯರಾಮಣ್ಣ?"

"ಅದೇ, ಎಂತ ಕಾಯಿಲೆ ಅಂತ. ಮಗಳಿಗೆ ಗಂಡು ನೋಡ್ತಾ ಇದ್ದೇವೆ ಅಲ್ವಾ? ತಾಯಿಗೆ ಇದ್ದದ್ದು ಮಗಳಿಗೂ ಬರ್ತದೆ ಅಂತ ಜನ ಮಾತಾಡ್ತಾರೆ. ಬಾಯಿಮಾತು ಆದ್ರೆ ನಾಲ್ಕು ದಿನದಲ್ಲಿ ಹೋಗ್ತದೆ. ಪುಸ್ತಕದಲ್ಲಿ ಬಂದ್ರೆ ಅಲ್ಲಿಯೇ ಕೂತಿರ್ತದೆ."

"ಆಯ್ತು. ನೀವು ಚಿಂತೆ ಮಾಡ್ಬೇಡಿ" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಅವರು ಹೋದ ಮೇಲೆ ಇಂದಿರೆ ಲೋಟ ಎತ್ತುತ್ತಾ, "ನೀವು ಒಂದು ಮಾತಾದ್ರೂ ಆಡ್ಬಹುದಿತ್ತು" ಎಂದಳು.

"ಅದು ಅವರ ಮನೆಯ ವಿಷಯ."

"ಹೌದು. ನಿಮಗೆ ಒಳಗಿಂದೊಳಗೆ ಖುಷಿ ಆಯ್ತಲ್ಲ, ಅದು ಯಾರ ಮನೆಯ ವಿಷಯ?"

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿಗೆ ಗಂಡನ ಮುಖ ಓದುವುದಕ್ಕೆ ಕನ್ನಡಕ ಬೇಡ. ನಿಜವಾಗಿಯೂ ನನಗೆ ಹಗುರವಾಗಿತ್ತು. ಆ ಶಬ್ದ ಬರೆಯಬೇಕಾದ ಪುಟ ಹತ್ತಿರ ಬಂದಷ್ಟೂ ನಾನು ಹಿಂದಿನ ಪುಟಗಳನ್ನೇ ತಿದ್ದುತ್ತಾ ಕೂತಿದ್ದೆ. ಈಗ ಬೇರೆಯವರ ಕಷ್ಟ ನನ್ನ ನಾಚಿಕೆಗೆ ಮರ್ಯಾದೆಯ ಅಂಗಿ ತೊಡಿಸಿತ್ತು. ಮರುದಿನವೇ ಆ ಅಧ್ಯಾಯ ಮುಗಿಸಿದೆ. 'ಆ ಕಷ್ಟದ ದಿನಗಳು' ಎಂದೆ, 'ಆಸ್ಪತ್ರೆಯ ಓಡಾಟ' ಎಂದೆ, 'ವಿಧಿಯ ಆಟ' ಎಂದೆ, ಕೊನೆಗೆ ನನ್ನ ಅಲ್ಪಕಾಲದ ಅಸೌಖ್ಯವನ್ನೇ ಪೇಪರಿನಿಂದ ತಂದು ಕೂರಿಸಿದೆ. ಓದಿದವರು ಎಷ್ಟು ಸಂಯಮದ ಬರವಣಿಗೆ ಎಂದು ಹೊಗಳಿದರು. ನಾನು ಹೊಗಳಿಸಿಕೊಂಡೆ.

ಚೌತಿ ಕಳೆದ ಮೇಲೆ ಬೆಳ್ತಂಗಡಿಯಲ್ಲಿ ಮೊದಲ ಸಭೆ. ಸಭಾಂಗಣದ ತುಂಬ ಒದ್ದೆ ಕೊಡೆಗಳ ಸಾಲು, ಹೊಸ ಪುಸ್ತಕದ ಕಟ್ಟು ಬಿಚ್ಚಿದ ವಾಸನೆ. ವೇದಿಕೆಯ ಹಿಂದೆ 'ಮಹಿಳಾ ಆರೋಗ್ಯ ಜಾಗೃತಿ' ಎಂಬ ಬ್ಯಾನರ್. ನನಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಹೆಂಗಸರು ತಮ್ಮ ಆರೋಗ್ಯದ ಬಗ್ಗೆ ಮುಕ್ತವಾಗಿ ಮಾತಾಡಬೇಕು ಎಂದು ನಾನು ಮೈಕಿನಲ್ಲಿ ಬಹಳ ಹೊತ್ತು ಮಾತಾಡಿದೆ. ಯಾವ ರೋಗ, ಎಲ್ಲಿ, ಹೇಗೆ ಎಂಬುದೊಂದನ್ನು ಬಿಟ್ಟು ಎಲ್ಲ ಹೇಳಿದೆ. ಚಪ್ಪಾಳೆಯಾಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು ಎಂಬ ಗಾದೆಯನ್ನು ಎಷ್ಟೋ ಸಲ ಮಕ್ಕಳಿಂದ ವಿಸ್ತರಿಸಿ ಬರೆಸಿದ್ದೇನೆ. ಆ ಹಲ್ಲಿ ಪೇಟ ಕಟ್ಟಿಕೊಂಡಿರುತ್ತದೆ ಎಂದು ಆವಾಗ ಗೊತ್ತಿರಲಿಲ್ಲ.

ಸಹಿಯ ಮೇಜಿನ ಹತ್ತಿರ ಸಣ್ಣ ಗೊಂದಲವಾಯಿತು. ಮೊದಲು ಬಂದ ಸ್ವಸಹಾಯ ಸಂಘದ ಹೆಂಗಸೊಬ್ಬರು ಪುಸ್ತಕ ತೆಗೆದುಕೊಂಡು, ನನ್ನ ಕೈಯಿಂದ ಪೆನ್ನನ್ನೂ ತೆಗೆದುಕೊಂಡು, "ಸೈ ಎಲ್ಲಿ ಹಾಕುದು ಸರ್?" ಎಂದರು.

"ಸೈ ನಾನು ಹಾಕುದಮ್ಮ."

"ನೀವು ಯಾಕೆ? ತಗೊಂಡದ್ದು ನಾನಲ್ವಾ?"

ಪ್ರತಿ ವಾರ ಸಂಘದ ಸಭೆಯಲ್ಲಿ ಸೈ ಹಾಕಿ ಹಾಕಿ ಅಭ್ಯಾಸವಾದವರು. ಅವರು ವಾರಿಜ ಟೀಚರ ಫೋಟೋದ ಅಡಿಯಲ್ಲಿ ಚಂದ ಮಾಡಿ ಸಹಿ ಹಾಕಿಕೊಂಡೇ ಹೋದರು. ಹಿಂದಿನವರೂ ಅದನ್ನೇ ಮಾಡಿದರು. ಕ್ಯಾಲೆಂಡರಿನ ಹಿಂಬದಿಯಲ್ಲಿ ತಿದ್ದಿದ ನನ್ನ ಸಹಿಗೆ ಜಾಗ ಸಿಕ್ಕಲು ಹತ್ತಿಪ್ಪತ್ತು ಪುಸ್ತಕ ದಾಟಬೇಕಾಯಿತು.

ಆ ಗೊಂದಲದ ನಡುವೆ ಎತ್ತರದ ಒಬ್ಬ ಹೆಂಗಸು ಮುಂದೆ ಬಂದು, ಹೇಗಿದ್ದೀರಿ ಎಂದು ತುಳುವಿನಲ್ಲಿ ಕೇಳಿದಳು.

"ಎಂಚ ಉಲ್ಲರ್ ಸರ್? ಗುರ್ತ ಸಿಕ್ತಾ?"

ಸಿಗದೆ ಇರುತ್ತದೆಯೇ? ಹರಿಣಾಕ್ಷಿ. ವಾರಿಜ ಟೀಚರ ತಂಡದ ನಾಯಕಿ, ನನ್ನ ತರಗತಿಯ ಕೊನೆಯ ಬೆಂಚು. ಕನ್ನಡದಲ್ಲಿ ಅವಳನ್ನು ಪಾಸು ಮಾಡಿಸಲು ಟೀಚರೂ ನಾನೂ ಹರಕೆ ಹೇಳಿಕೊಳ್ಳುವುದೊಂದು ಬಾಕಿ ಇತ್ತು. ಮದುವೆಯಾಗಿ ಕಕ್ಕಿಂಜೆಗೆ ಹೋಗಿದ್ದಳು. ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ಇಷ್ಟು ಹೇಳಿ ಅವಳು ಮೇಜಿನ ಮೇಲೆ ಬಾಗಿ ದನಿ ಇಳಿಸಿದಳು.

"ಟೀಚರಿಗೆ ಎಂತ ಆದದ್ದು ಸರ್? ಪೇಪರಲ್ಲಿ ಅಸೌಖ್ಯ ಅಂತ ಇತ್ತು. ಎಂತ ಅಸೌಖ್ಯ?"

ಪಕ್ಕದಲ್ಲಿ ಜಯರಾಮಣ್ಣ ಪುಸ್ತಕ ಜೋಡಿಸುತ್ತಿದ್ದರು. ಅವಳ ಹಿಂದೆ ಸಾಲು ಇತ್ತು. ನಾನು ಪೆನ್ನಿನ ಮುಚ್ಚಳ ತೆಗೆದೆ.

"ಎಲ್ಲ ಪುಸ್ತಕದಲ್ಲಿ ಬರ್ದಿದ್ದೇನೆ. ಓದು, ಗೊತ್ತಾಗ್ತದೆ."

"ಎಲ್ಲ ಉಂಟಾ ಸರ್?"

"ಉಂಟು, ಉಂಟು."

'ಹರಿಣಾಕ್ಷಿಗೆ, ಆರೋಗ್ಯವೇ ಭಾಗ್ಯ' ಎಂದು ಬರೆದು, ಅಡಿಯಲ್ಲಿ ಸಹಿ ಎಳೆದು ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಚಾರ್ಮಾಡಿ ಬಸ್ಸಿಗೆ ಹೊತ್ತಾಯಿತೆಂದು ಊಟವನ್ನೂ ಮಾಡದೆ ಹೋದಳು.

ಮೂಡಬಿದಿರೆಯ ಸಭೆ ನವರಾತ್ರಿಯ ಹೊತ್ತಿಗೆ. ಟೀಚರ ಮಗಳು ಪ್ರತಿಮಾ ಅಲ್ಲಿಯ ಕಾಲೇಜೊಂದರಲ್ಲಿ ಲೆಕ್ಚರರ್. ಎಲ್ಲ ವ್ಯವಸ್ಥೆ ಅವಳದೇ. ಸಭೆ ಮುಗಿದು ಚಾ ಕುಡಿಯುವಾಗ ಅವಳು ಗೋಳಿಬಜೆಯ ತಟ್ಟೆ ನನ್ನ ಕೈಗೆ ಕೊಟ್ಟು, ನನ್ನನ್ನು ಒಂದು ಬದಿಗೆ ಕರೆದಳು. ನನ್ನ ವಿದ್ಯಾರ್ಥಿನಿಯೇ ಆದ್ದರಿಂದ ಅವಳಿಗೂ ನಾನು ಸರ್.

"ಚಂದ ಬರ್ದಿದ್ದೀರಿ ಸರ್. ಓದುವಾಗ ಅಮ್ಮ ಎದುರು ಬಂದು ನಿಂತ ಹಾಗೆ ಆಗ್ತದೆ. ಆದ್ರೆ ಅವರು ಎಂತ ಆಗಿ ಸತ್ತದ್ದು ಅಂತ ಇದ್ರಲ್ಲಿ ಇಲ್ವಲ್ಲ?"

"ನಿನ್ನ ಅಪ್ಪ..."

"ಗೊತ್ತುಂಟು, ಅಪ್ಪ ಹೇಳಿದ್ದು. ನನ್ನ ಮದುವೆಗೆ ಬೇಕಾಗಿ. ನನ್ನ ಹತ್ರ ಯಾರಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ನಾನು ಗೋಳಿಬಜೆಯನ್ನು ಚಟ್ನಿಗೆ ಅದ್ದಿದೆ.

"ಮೊನ್ನೆ ನೋಡ್ಲಿಕ್ಕೆ ಬಂದವರಿಗೆ ನಾನೇ ಹೇಳಿದೆ ಸರ್. ಚಾ ಕುಡಿದ್ರು, ಹೋದ್ರು, ಮತ್ತೆ ಫೋನ್ ಇಲ್ಲ. ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಹೋಗ್ಲಿ ಬಿಡಿ. ನಾನು ಆಗಾಗ ಚೆಕಪ್ ಮಾಡಿಸ್ಬೇಕಾದವಳು. ಗಂಡನಿಗೆ ಸುಳ್ಳು ಹೇಳಿ ಆಸ್ಪತ್ರೆಗೆ ಹೋಗ್ತಾ ಇರುದಾ? ಅಮ್ಮ ಇದ್ದಿದ್ರೆ ನಿಮ್ಮಿಬ್ಬರಿಗೂ ಮೈದಾನಕ್ಕೆ ಮೂರು ಸುತ್ತು ಕೊಡ್ತಿದ್ರು."

"ಎರಡನೇ ಮುದ್ರಣ ಬಂದ್ರೆ ನೋಡುವ" ಎಂದೆ. ಅವಳು ನನ್ನ ಕೈಯ ತಟ್ಟೆ ತೆಗೆದುಕೊಂಡಳು. ಆಮೇಲೆ "ಸಕ್ಕರೆ ಕಡಿಮೆ ಚಾ ಬೇರೆ ಉಂಟು ಸರ್, ತರ್ತೇನೆ" ಎಂದು ಹೋದಳು. ಬಸ್ಸಿನಲ್ಲಿ ಇಂದಿರೆಗೆ ಇದನ್ನು ಹೇಳಿದೆ. ನಮ್ಮ ಊರು ಬರುವವರೆಗೂ ಅವಳು ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಜಯರಾಮಣ್ಣನ ನೆಪ ಅಲ್ಲಿಗೆ ಮುಗಿದಿತ್ತು. ಉಳಿದದ್ದು ನನ್ನ ನಾಚಿಕೆ ಮಾತ್ರ, ಅದಕ್ಕೆ ಯಾರ ಅಂಗಿಯೂ ಇರಲಿಲ್ಲ.

ದೀಪಾವಳಿ ಕಳೆದು ಬಂಟ್ವಾಳದ ಸಭೆ. ಮಳೆ ಹೋಗಿ ಬೆಳಗ್ಗೆ ಮಂಜು ಬೀಳುವ ಹೊತ್ತು. ಬಿ.ಸಿ. ರೋಡಿನ ಒಂದು ಸಭಾಂಗಣದಲ್ಲಿ ಮತ್ತೆ ಅದೇ ಬ್ಯಾನರ್, ಇನ್ನೊಂದು ಶಾಲು. ಭಾಷಣವನ್ನು ಬೇಗ ಮುಗಿಸಿ ಮೇಜಿಗೆ ಬಂದು ಕೂತೆ. ಒಂದು ಬದಿಯಲ್ಲಿ ಜಯರಾಮಣ್ಣ, ಇನ್ನೊಂದು ಬದಿಯಲ್ಲಿ ಪ್ರತಿಮಾ. ಸಾಲಿನಲ್ಲಿ ಹರಿಣಾಕ್ಷಿ ಇದ್ದಳು. ಕೈಯಲ್ಲಿ ಹೊಸ ಪುಸ್ತಕವಲ್ಲ, ನಾನು ಸಹಿ ಹಾಕಿ ಕೊಟ್ಟದ್ದೇ. ಮೂಲೆಗಳು ಮಡಚಿದ್ದವು. ಎರಡೆರಡು ಬಸ್ಸು ಹತ್ತಿ ಬಂದಿದ್ದಾಳೆ ಎಂದು ಗೊತ್ತಾಗುತ್ತಿತ್ತು, ಸೀರೆ ಮುದುಡಿತ್ತು.

"ಸರ್, ನಾನು ಪೂರ್ತಿ ಓದಿದೆ. ಎರಡು ಸರ್ತಿ ಓದಿದೆ. ನಂಗೆ ಸಿಗ್ಲಿಲ್ಲ. ಮಗಳ ಹತ್ರವೂ ಓದಿಸಿದೆ. ಯಾವ ಪುಟದಲ್ಲಿ ಉಂಟು ಸರ್?"

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಅದೇ ನನ್ನನ್ನು ಕೊಂದದ್ದು. ಮಾಷ್ಟ್ರು ಪುಸ್ತಕದಲ್ಲಿ ಉಂಟು ಎಂದರೆ ಉಂಟು, ಸಿಗದಿದ್ದರೆ ಅದು ಓದಿದವಳ ದಡ್ಡತನ. ಹತ್ತನೆಯ ತರಗತಿಯಲ್ಲಿ ನಾನೇ ಅವಳಿಗೆ ಕಲಿಸಿದ ಪಾಠ ಅದು. ಆ ಪಾಠ ಮಾತ್ರ ಅವಳಿಗೆ ಸರಿಯಾಗಿ ಹತ್ತಿತ್ತು.

ನಾನು ಪ್ರತಿಮಾಳ ಕಡೆ ನೋಡಲಿಲ್ಲ. ನೋಡಿದ್ದರೆ ಅವಳೇ ಹೇಳಿಬಿಡುತ್ತಿದ್ದಳು, ನನಗೆ ಮತ್ತೆ ತಪ್ಪಿಸಿಕೊಳ್ಳಲು ದಾರಿಯಾಗುತ್ತಿತ್ತು.

"ಯಾವ ಪುಟದಲ್ಲಿಯೂ ಇಲ್ಲ ಹರಿಣಾಕ್ಷಿ. ನಾನು ಬರೀಲಿಲ್ಲ. ಅವತ್ತು ನಿನ್ನ ಹತ್ರ ಸುಳ್ಳು ಹೇಳಿದ್ದು" ಎಂದೆ. "ಟೀಚರಿಗೆ ಮೊಲೆಯ ಕ್ಯಾನ್ಸರ್ ಆಗಿತ್ತು. ಗಂಟು ಕಂಡಿತ್ತು."

ಹಿಂದಿನ ಸಾಲಿನವರೆಲ್ಲ ಇತ್ತ ತಿರುಗಿದರು. ಕಿವಿಯಿಂದ ಕುತ್ತಿಗೆಯವರೆಗೆ ನನಗೆ ಬಿಸಿಯಾಯಿತು. ಹರಿಣಾಕ್ಷಿಗೆ ಅದೊಂದೂ ಕಾಣಲಿಲ್ಲ.

"ನೋವು ಇತ್ತಾ ಸರ್?"

"ಇರಲಿಲ್ಲ. ನೋಯದ್ದೇ ಮೋಸ ಮಾಡಿದ್ದು ಅಂತ ಹೇಳ್ತಿದ್ರು."

ಅವಳು ಸೆರಗನ್ನು ಎಳೆದು ಹೊದ್ದುಕೊಂಡಳು. "ನಂದೂ ನೋಯುದಿಲ್ಲ ಸರ್" ಎಂದಳು.

ಚೌತಿಗೆ ಮನೆ ತೊಳೆಯುವ ದಿನ ಸ್ನಾನ ಮಾಡುವಾಗ ಕೈಗೆ ಸಿಕ್ಕಿದ್ದಂತೆ. ಅತ್ತೆ, ನೋವಿಲ್ಲ ಎಂದಾದರೆ ಎಂತದೂ ಅಲ್ಲ, ಎಣ್ಣೆ ಹಚ್ಚು ಎಂದರಂತೆ. ಟೀಚರಿಗೆ ಕ್ಯಾನ್ಸರ್ ಎಂದು ಯಾರೋ ಬಸ್ಸಿನಲ್ಲಿ ಮಾತಾಡಿದ್ದು ಕಿವಿಗೆ ಬಿದ್ದಿತ್ತು, ಎಲ್ಲಿ ಎಂದು ಗೊತ್ತಿರಲಿಲ್ಲ. ಟೀಚರದ್ದೂ ತನ್ನದೂ ಒಂದೇ ಎಂದು ಗೊತ್ತಾದರೆ ಗಂಡನಿಗೆ ಫೋನ್ ಮಾಡಿ ಹೇಳಬಹುದು, ಅತ್ತೆಗೂ ಹೇಳಬಹುದು, ಧೈರ್ಯ ಬರುತ್ತದೆ ಎಂದು ಬೆಳ್ತಂಗಡಿಗೆ ಬಂದಿದ್ದಳು. ಬಂದವಳ ಕೈಗೆ ನಾನು ಸಂಯಮದ ಬರವಣಿಗೆ ಕೊಟ್ಟು ಕಳಿಸಿದ್ದೆ. ಮಳೆ ನಿಂತು, ನವರಾತ್ರಿಯಾಗಿ, ದೀಪ ಹಚ್ಚಿ, ಆ ಎರಡು ತಿಂಗಳೂ ಅವಳು ಅಡುಗೆಮನೆಯಲ್ಲಿ ಕೂತು ಅದರೊಳಗೆ ಇಲ್ಲದ್ದನ್ನು ಹುಡುಕುತ್ತಿದ್ದಳು.

ಜಯರಾಮಣ್ಣ ಏನು ಹೇಳುತ್ತಾರೋ ಎಂದು ನನಗೆ ಹೆದರಿಕೆಯಿತ್ತು. ಅವರು ತಾವು ಕೂತಿದ್ದ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅವಳ ಹತ್ತಿರ ಇಟ್ಟು, "ಕೂತ್ಕೊ ಮಗಾ" ಎಂದರು. ಆಮೇಲೆ ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದರು. ಆಸ್ಪತ್ರೆಗೆ ಹೋಗುವಾಗ ಎಂತೆಲ್ಲ ಹಿಡಿದುಕೊಂಡು ಹೋಗಬೇಕು, ಯಾವ ಔಷಧಕ್ಕೆ ಬಾಯಿ ರುಚಿ ಹೋಗುತ್ತದೆ, ಆಗ ಗಂಜಿಗೆ ಎಂತ ನೆಂಜಿಕೊಂಡರೆ ಸೇರುತ್ತದೆ, ಹೆಂಡತಿಯ ಹತ್ತಿರ ಕೂತು ಕಲಿತದ್ದನ್ನೆಲ್ಲ ಹೇಳಿದರು. ಇಷ್ಟು ದಿನ ಆ ಮಾತನ್ನು ಎಲ್ಲಿ ಇಟ್ಟುಕೊಂಡಿದ್ದರೋ. ಪ್ರತಿಮಾ ಅಪ್ಪನನ್ನೇ ನೋಡುತ್ತಾ ನಿಂತಿದ್ದಳು. ಉಳಿದ ಪುಸ್ತಕಗಳಿಗೆ ನಾನು ಆರೋಗ್ಯವೇ ಭಾಗ್ಯ ಎಂದು ಬರೆಯಲಿಲ್ಲ. 'ವಾರಿಜ ಟೀಚರ್ ತೀರಿಕೊಂಡದ್ದು ಮೊಲೆಯ ಕ್ಯಾನ್ಸರಿನಿಂದ. ಗಂಟು ನೋಯುತ್ತಿರಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಕೆಲವರು ಅಲ್ಲಿಯೇ ಓದಿ ಪುಸ್ತಕವನ್ನು ಬೇಗ ಬೇಗ ಚೀಲಕ್ಕೆ ಹಾಕಿದರು. ಒಬ್ಬರು ಅದನ್ನು ತಿರುಗಿಸಿ ಕೊಟ್ಟು, ಬೇರೆ ಕೊಡಿ, ಮನೆಯಲ್ಲಿ ಮಕ್ಕಳಿದ್ದಾರೆ ಎಂದರು. ಬೇರೆಯದಕ್ಕೂ ಅದನ್ನೇ ಬರೆದೆ.

ಮುಂದಿನದ್ದನ್ನು ಈಗಲೇ ಹೇಳಿಬಿಡುತ್ತೇನೆ. ಓದುವವರನ್ನು ಹುಡುಕಿಸುವ ಕೆಲಸ ನನಗೆ ಸಾಕಾಗಿದೆ. ಹರಿಣಾಕ್ಷಿ ಬದುಕಿದ್ದಾಳೆ. ಅವಳದ್ದೂ ಕ್ಯಾನ್ಸರೇ. ಆಪರೇಷನ್ ಆಗಿ, ದೀರ್ಘ ಚಿಕಿತ್ಸೆಯಾಗಿ, ಈಗ ಕಕ್ಕಿಂಜೆಯಲ್ಲಿ ಮನೆಗೆಲಸ ಮಾಡಿಕೊಂಡು ಇದ್ದಾಳೆ, ಆಗಾಗ ತಪಾಸಣೆಗೆ ಹೋಗುತ್ತಾಳೆ. ಶಿಬಿರವೂ ನಡೆಯಿತು, ಬ್ಯಾನರಿನಲ್ಲಿ ರೋಗದ ಹೆಸರು ಹಾಕಿಯೇ ನಡೆಯಿತು. ಪ್ರತಿಮಾಳಿಗೆ ಮದುವೆಯಾಯಿತು, ಹುಡುಗನಿಗೆ ಎಲ್ಲ ಗೊತ್ತಿದೆ. ಇವೆಲ್ಲ ಕೇಳಿದವರು, ಹಾಗಾದರೆ ಎಲ್ಲ ಒಳ್ಳೆಯದೇ ಆಯಿತಲ್ಲ, ನಿಮಗೆ ನಾಚಿಕೆ ಯಾತಕ್ಕೆ ಎನ್ನುತ್ತಾರೆ. ಅದಕ್ಕೆ ಮಂಗಳೂರಿನ ಆಸ್ಪತ್ರೆಯ ಆ ಮಧ್ಯಾಹ್ನವನ್ನು ಹೇಳಬೇಕು.

ಪರೀಕ್ಷೆಯ ರಿಪೋರ್ಟು ಬರುವ ದಿನ. ಗಂಡ ಗಲ್ಫಿನಿಂದ ಹೊರಟಿದ್ದ, ಇನ್ನೂ ತಲುಪಿರಲಿಲ್ಲ. ಆದ್ದರಿಂದ ಇಂದಿರೆಯೂ ನಾನೂ ಹರಿಣಾಕ್ಷಿಯ ಜೊತೆಗೆ ಹೋಗಿದ್ದೆವು. ಡಾಕ್ಟರು ಹೆಂಗಸು, ನನ್ನ ಮಗಳ ಪ್ರಾಯದವರು. ರಿಪೋರ್ಟು ಓದಿ, ಕನ್ನಡಕ ತೆಗೆದು, ಇರುವುದನ್ನು ಇರುವ ಹಾಗೆ ಹೇಳಿದರು. ಗುಣ ಮಾಡಬಹುದು, ಆದರೆ ಗಂಟು ಈಚೆಗೆ ಬೇಗ ಬೆಳೆದಿದೆ, ಕಂಕುಳಿನ ಕಡೆಗೂ ಹೋಗಿದೆ, ಹಾಗಾಗಿ ಔಷಧ ಸ್ವಲ್ಪ ಜೋರಾಗಿಯೇ ಬೇಕಾಗುತ್ತದೆ ಎಂದರು. ಆಮೇಲೆ ಅವಳನ್ನೇ ನೋಡಿ ಕೇಳಿದರು.

"ಚೌತಿ ಸಮಯಕ್ಕೇ ಗೊತ್ತಾಗಿತ್ತು ಅಂತೀರಿ. ಆವಾಗಲೇ ಯಾಕೆ ಬರ್ಲಿಲ್ಲ?"

ಹರಿಣಾಕ್ಷಿ ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ.

"ಅದು ನನ್ನದೇ ತಪ್ಪು ಡಾಕ್ಟ್ರೆ. ನಮ್ಮ ಮಾಷ್ಟ್ರು ಆವಾಗಲೇ ಪುಸ್ತಕ ಕೊಟ್ಟು ಓದ್ಲಿಕ್ಕೆ ಹೇಳಿದ್ರು. ನಂಗೆ ಓದಿದ್ದು ತಲೆಗೆ ಹತ್ತುದಿಲ್ಲ, ಸಣ್ಣದಿರುವಾಗಿಂದ ಹಾಗೆ."

ಅವಳಿಗೆ ಗೊತ್ತಿತ್ತು. ಬಿ.ಸಿ. ರೋಡಿನಲ್ಲಿ ಅಷ್ಟು ಜನರ ಎದುರು ನಾನೇ ಹೇಳಿದ್ದೆ. ಗೊತ್ತಿದ್ದೂ, ಆ ರಿಪೋರ್ಟು ಎದುರಿಗಿರುವಾಗ, ತನ್ನ ಜೀವದ ಮಾತು ನಡೆಯುತ್ತಿರುವಾಗ ಅವಳು ಕಾಪಾಡಲು ನೋಡಿದ್ದು ಮಾಷ್ಟ್ರ ಮರ್ಯಾದೆಯನ್ನು. ಇಂದಿರೆ ಸರಕ್ಕನೆ ನನ್ನ ಕಡೆ ತಿರುಗಿದಳು.

"ಪುಸ್ತಕ ಕೊಟ್ಟು ಹೇಳಿದ ಮೇಲೂ ಅಸಡ್ಡೆ ಮಾಡಿದ್ರೆ ಅವರು ಪಾಪ ಎಂತ ಮಾಡ್ತಾರೆ?" ಎಂದು ಡಾಕ್ಟರು ಅವಳನ್ನು ಗದರಿಸಿದರು. ಇಬ್ಬರು ಮಕ್ಕಳಿದ್ದಾರೆ, ಓದಿದವಳು, ಇಷ್ಟಾದರೂ ಬುದ್ಧಿ ಬೇಡವೇ ಎಂದರು. ಹರಿಣಾಕ್ಷಿ ಹೌದು ಡಾಕ್ಟ್ರೆ, ಹೌದು ಡಾಕ್ಟ್ರೆ ಎನ್ನುತ್ತಾ ತಲೆತಗ್ಗಿಸಿ ಬೈಸಿಕೊಂಡಳು. ನಾನು ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದೆ.